ಮರಾಠಿ ಬಲ್ಲ ನ್ಯಾಯಾಧೀಶ

ವೈಜಾಪುರ
ನವೆಂಬರ್ 4, 2024, ಸೋಮವಾರ

ದೀಪಾವಳಿ ಮುಗಿದು ಬ್ರಾಂಚ್ ತೆರೆದ ಮೊದಲ ದಿನ. ಕ್ಯಾಶ್ ಕೌಂಟರಿನ ಸಾಲು ಬಾಗಿಲು ದಾಟಿ ರಸ್ತೆಗೆ ಬಿದ್ದಿತ್ತು. ಹತ್ತಿ ಮಾರಿದ ದುಡ್ಡು, ಸರ್ಕಾರ ಹೆಂಗಸರಿಗೆ ಕೊಡುವ ಲಾಡಕಿ ಬಹಿಣ ಯೋಜನೆಯ ದುಡ್ಡು. ಊಟಕ್ಕೆ ಎದ್ದಾಗ ಮೂರೂವರೆ.

ಆಗ ಮೇಲ್ ನೋಡಿದೆ. ನಾಶಿಕ ಜಿಲ್ಲೆಯ ಒಂದು ಶಾಖೆಯ ಕೃಷಿ ಅಧಿಕಾರಿಯ ಮೇಲೆ ಇಲಾಖಾ ವಿಚಾರಣೆ. ವಿಚಾರಣಾಧಿಕಾರಿಯ ಜಾಗದಲ್ಲಿ ನನ್ನ ಹೆಸರು. ನಾನೇ ಏಕೆ ಎಂದು ಫೋನ್ ಮಾಡಿ ಕೇಳಿದೆ. "ಹುಡುಗ ನಿಮ್ಮ ಕಡೆಯವನು ಮ್ಯಾಡಂ. ಸಾಕ್ಷ್ಯದಲ್ಲಿ ಕನ್ನಡ ಮೆಸೇಜುಗಳಿವೆ. ನಿಮಗಾದರೆ ಸರಿಯಾಗಿ ತಿಳಿಯುತ್ತದೆ" ಎಂದರು.

ಹುಡುಗ ಹಾವೇರಿ ಕಡೆಯವನು. ನಾನು ಹೊನ್ನಾವರದವಳು. ಇಲ್ಲಿಂದ ನೋಡುವವರಿಗೆ ಎರಡೂ ಒಂದೇ ಊರು.

ನವೆಂಬರ್ 5, ರಾತ್ರಿ

ಚಾರ್ಜ್‌ಶೀಟ್ ಓದಿದೆ. ಮೂರು ಆರೋಪ. ಒಂದು, ಹೊಲಕ್ಕೆ ಹೋಗದೆ ಹೋಗಿ ನೋಡಿದ್ದೇನೆಂದು ಪರಿಶೀಲನಾ ವರದಿ ಬರೆದದ್ದು. ಎರಡು, ಬೆಳೆಸಾಲದ ದಲ್ಲಾಳಿಯೊಡನೆ ಸೇರಿ ಬ್ಯಾಂಕಿಗೆ ಬೇಕೆಂದೇ ಮೋಸ ಮಾಡಿದ್ದು. ಮೂರು, ಅದರಿಂದ ಆದ ನಷ್ಟ.

ಮೊದಲನೆಯದು ಸಾಬೀತಾದರೆ ಇನ್‌ಕ್ರಿಮೆಂಟ್ ಹೋಗುತ್ತದೆ. ಎರಡನೆಯದು ಸಾಬೀತಾದರೆ ಕೆಲಸವೇ ಹೋಗುತ್ತದೆ. ಶಿಕ್ಷೆ ಬರೆಯುವವಳು ನಾನಲ್ಲ, ಸಾಬೀತೋ ಅಲ್ಲವೋ ಎಂದಷ್ಟೇ ಹೇಳಬೇಕು. ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳಲು ಆಗುತ್ತಿಲ್ಲ.

ನವೆಂಬರ್ 7

ಅಪ್ಪನ ಫೋನ್. "ಊಟ ಆಯ್ತೇನೆ ತಂಗಿ?" ವಿಚಾರಣೆಯ ವಿಷಯ ಹೇಳಿದೆ, ಹೆಸರು ಹೇಳಲಿಲ್ಲ. ಹೊನ್ನಾವರ ಕೋರ್ಟಿನಲ್ಲಿ ವಕೀಲರ ಗುಮಾಸ್ತರಾಗಿ ತಲೆ ನರೆಸಿಕೊಂಡವರು. ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದರು: "ನಮ್ಮೂರಲ್ಲಿ ಹುಟ್ಟಿದವರೇ ಒಬ್ಬರು ನಾಶಿಕದ ಕೇಸು ತೀರ್ಮಾನ ಮಾಡಿದ್ದರು. ಸರ್ ನಾರಾಯಣ ಚಂದಾವರ್ಕರ್. ಅವರದ್ದು ಓದು."

ಹೆಸರು ಕೇಳಿದ್ದೆ. ಸಮಾಜ ಸುಧಾರಕರು, ಕಾಂಗ್ರೆಸ್ ಅಧ್ಯಕ್ಷರು ಎಂದು ಶಾಲೆಯಲ್ಲಿ ಹೇಳಿದ್ದರು. ನಾಶಿಕದ ಕೇಸಿನ ವಿಷಯ ಯಾರೂ ಹೇಳಿರಲಿಲ್ಲ.

ನವೆಂಬರ್ 10, ಭಾನುವಾರ

ಅಪ್ಪ ಯಾವುದೋ ಹಳೆಯ ಪುಸ್ತಕದ ಪುಟಗಳ ಫೋಟೋ ಕಳಿಸಿದ್ದಾರೆ. ಉಳಿದದ್ದನ್ನು ನಾನು ಹುಡುಕಿಕೊಂಡೆ. ಬರೆದಿಟ್ಟುಕೊಳ್ಳುತ್ತೇನೆ.

ಹುಟ್ಟಿದ್ದು 1855ರ ಡಿಸೆಂಬರ್ 2, ಹೊನ್ನಾವರ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಆಮೇಲೆ ನಮ್ಮ ಕಡೆಯ ಹುಡುಗರಿಗೆ ಓದಿಗೂ ನೌಕರಿಗೂ ಮುಂಬಯಿಯೇ ದಾರಿಯಾಯಿತು. ಇವರೂ ಹೋದರು. ಎಲ್ಫಿನ್‌ಸ್ಟನ್ ಕಾಲೇಜು. ಇಪ್ಪತ್ತೆರಡು ಇಪ್ಪತ್ತಮೂರನೆಯ ವಯಸ್ಸಿಗೆ 'ಇಂದುಪ್ರಕಾಶ'ದ ಇಂಗ್ಲಿಷ್ ಭಾಗದ ಸಂಪಾದಕ. 1881ರಲ್ಲಿ ಕಾನೂನು ಪದವಿ. 1885ರಲ್ಲಿ ಇಂಗ್ಲೆಂಡಿಗೆ ಹೋದ ಮೂವರ ನಿಯೋಗದಲ್ಲಿ ಒಬ್ಬರು. ಜೊತೆಗಿದ್ದವರು ಮನಮೋಹನ ಘೋಷ್ ಮತ್ತು ರಾಮಸ್ವಾಮಿ ಮೊದಲಿಯಾರ್. ಚುನಾವಣೆಗೆ ಮುಂಚೆ ಅಲ್ಲಿನ ಮತದಾರರಿಗೆ ಭಾರತದ ಅಳಲು ಹೇಳುವುದು ಅವರ ಕೆಲಸ. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷ. ಅದರ ಬೆನ್ನಿಗೇ, 1901ರಲ್ಲಿ, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶ.

ನಿನ್ನೆಯವರೆಗೆ ಸರ್ಕಾರಕ್ಕೆ ಬುದ್ಧಿ ಹೇಳುತ್ತಿದ್ದವರು ಇಂದು ಸರ್ಕಾರದ ಹೆಸರಿನಲ್ಲಿ ತೀರ್ಪು ಬರೆಯಬೇಕು. ಆ ದಾಟುವಿಕೆ ಅವರಿಗೆ ಹೇಗೆ ಅನಿಸಿತೋ.

ನವೆಂಬರ್ 13, ನಾಶಿಕ

ಬೆಳಿಗ್ಗೆ ಆರರ ಎಸ್‌ಟಿ ಬಸ್. ಯೇವಲೆ, ವಿಂಚೂರು, ನಿಫಾಡ. ದಾರಿಯುದ್ದಕ್ಕೂ ಈರುಳ್ಳಿ ಟ್ರ್ಯಾಕ್ಟರುಗಳು, ಚುನಾವಣೆಯ ಧ್ವನಿವರ್ಧಕಗಳು.

ಮೊದಲ ಬೈಠಕ್. ಆರೋಪ ಓದಿ ಹೇಳಿದೆ. ಒಪ್ಪುತ್ತೀರಾ ಎಂದು ಕೇಳಿದೆ. "ಒಂದನೆಯದು ಒಪ್ಕೋತೀನ್ರಿ. ಎರಡನೆಯದು ಇಲ್ರಿ." ಕನ್ನಡದಲ್ಲೇ ಹೇಳಿಬಿಟ್ಟ. ಬ್ಯಾಂಕಿನ ಪರ ವಾದಿಸುವ ಪ್ರೆಸೆಂಟಿಂಗ್ ಆಫೀಸರ್ ನನ್ನ ಮುಖ ನೋಡಿದರು. ನಡಾವಳಿ ಇಂಗ್ಲಿಷಿನಲ್ಲಿರಬೇಕು ಎಂದು ಹೇಳಿ ಹಾಗೇ ಬರೆಸಿದೆ. ಹುಡುಗನಿಗೆ ಇಪ್ಪತ್ತೊಂಬತ್ತು. ಕಣ್ಣ ಕೆಳಗೆ ಕಪ್ಪು.

ಬರುವಾಗ ಬಸ್ಸಿನಲ್ಲಿ ಅವನ ಊರಿನ ಬಗ್ಗೆ ಯೋಚಿಸಬಾರದು ಎಂದು ಅಂದುಕೊಂಡೇ ಕೂತಿದ್ದೆ.

ನವೆಂಬರ್ 16

ಬಾಬಾರಾವ್ ಸಾವರ್ಕರ್ ಪ್ರಕರಣ. ಇವತ್ತು ಇದನ್ನೇ ಓದಿದೆ.

ಬಾಬಾರಾವ್ ಅಂದರೆ ನಾಶಿಕದ ಗಣೇಶ ದಾಮೋದರ ಸಾವರ್ಕರ್, ವಿನಾಯಕರ ಅಣ್ಣ. 1908ರಲ್ಲಿ 'ಲಘು ಅಭಿನವ ಭಾರತ ಮಾಲಾ' ಎಂಬ ಸಣ್ಣ ಪದ್ಯಸಂಕಲನ ಅಚ್ಚು ಹಾಕಿಸಿದರು. ಪದ್ಯಗಳಲ್ಲಿ ದೇವರಿದ್ದಾರೆ, ಶಿವಾಜಿ ಇದ್ದಾನೆ. ನಾಶಿಕದ ಕಲೆಕ್ಟರ್ ಎ.ಎಂ.ಟಿ. ಜಾಕ್ಸನ್ ಮೊಕದ್ದಮೆಯನ್ನು ಸೆಷನ್ಸಿಗೆ ಒಪ್ಪಿಸಿದರು. 1909ರ ಜೂನ್‌ನಲ್ಲಿ ಸೆಷನ್ಸ್ ನ್ಯಾಯಾಧೀಶರು ಜೀವಾವಧಿ ಕರಿನೀರಿನ ಶಿಕ್ಷೆ ಕೊಟ್ಟರು. ನವೆಂಬರ್‌ನಲ್ಲಿ ಅಪೀಲು ಹೈಕೋರ್ಟಿನಲ್ಲಿ ಚಂದಾವರ್ಕರ್ ಮತ್ತು ಹೀಟನ್ ಇವರ ಮುಂದೆ ಬಂತು. ಶಿಕ್ಷೆ ಕಾಯಂ.

ಎರಡು ಕಲಮುಗಳು ಎದುರಿಗಿದ್ದವು. 124ಎ ಅಂದರೆ ರಾಜದ್ರೋಹ. ಅದರಡಿ ಜೀವಾವಧಿಯೂ ಕೊಡಬಹುದಿತ್ತು, ಕೆಲವು ವರ್ಷಗಳ ಸಜೆಯೂ ಸಾಕಿತ್ತು. 121 ಅಂದರೆ ರಾಜನ ವಿರುದ್ಧ ಯುದ್ಧ, ಅಥವಾ ಅದಕ್ಕೆ ಕುಮ್ಮಕ್ಕು. ಅಲ್ಲಿ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ಆಸ್ತಿಯೆಲ್ಲ ಮುಟ್ಟುಗೋಲು. ಕೆಳಗಿಳಿಯಲು ಮೆಟ್ಟಿಲೇ ಇಲ್ಲ.

ಪದ್ಯ ಅಚ್ಚು ಹಾಕಿಸಿದ್ದು ಯುದ್ಧಕ್ಕೆ ಕುಮ್ಮಕ್ಕೋ? ಹೌದು ಎಂದು ನಮ್ಮೂರಲ್ಲಿ ಹುಟ್ಟಿದವರು ಬರೆದರು.

ಆ ಪದ್ಯಗಳ ಕರ್ತೃ ಗೋವಿಂದ ದರೇಕರ್, ನಡೆಯಲಾಗದ ಕವಿ. ಬಾಬಾರಾವ್ ಅಂಡಮಾನಿಗೆ ಹೋದರು. ಅವರು ಬಿಡುಗಡೆಯಾಗಿ ಮನೆಗೆ ಬರುವ ಮೊದಲೇ ಹೆಂಡತಿ ತೀರಿಕೊಂಡಿದ್ದರು.

ಓದಿ ಮುಗಿಸಿ ಅಡುಗೆಮನೆಗೆ ಹೋದೆ. ಏನು ಮಾಡಲು ಬಂದೆ ಎಂದು ತಿಳಿಯದೆ ನಿಂತಿದ್ದೆ.

ನವೆಂಬರ್ 17

1918ರ ರೌಲಟ್ ಸಮಿತಿಯ ವರದಿಯಲ್ಲಿ ಈ ತೀರ್ಪಿನ ಭಾಗವನ್ನು ಎತ್ತಿ ಕೊಟ್ಟಿದ್ದಾರೆ. ತೀರ್ಪು ಬರೆದವರ ಹೆಸರು ಹೇಳಿಲ್ಲ. ಹೈಕೋರ್ಟಿನ ಮರಾಠಿ ಬಲ್ಲ ನ್ಯಾಯಾಧೀಶರೊಬ್ಬರು ಹೀಗೆ ಹೇಳಿದ್ದಾರೆ ಎಂದಷ್ಟೇ ಇದೆ.

ಅವರ ವಾದದ ಸಾರ: ದೇವರುಗಳ ಹೆಸರು, ಶಿವಾಜಿಯ ಹೆಸರು ಬರಿಯ ನೆಪ. ಒಳಗಿನ ಮಾತು, ಕತ್ತಿ ಹಿಡಿಯಿರಿ, ಪರಕೀಯ ಸರ್ಕಾರವನ್ನು ಕೆಡವಿ ಎಂಬುದು. ಇದನ್ನು ಅರಿಯಲು ಭಗವದ್ಗೀತೆಯ ಭಾವಗಳನ್ನು ಎಳೆದು ತರಬೇಕಾದ ಅಗತ್ಯವಿಲ್ಲ.

ಆರೋಪಿಯ ಪರವಾಗಿ ಯಾರೋ ಗೀತೆಯ ಮಾತೆತ್ತಿರಬೇಕು. ಇಂಗ್ಲಿಷ್ ನ್ಯಾಯಾಧೀಶ ಅದನ್ನು ತಳ್ಳಿಹಾಕಿದ್ದರೆ, ಅವನಿಗೇನು ಗೊತ್ತು ಎನ್ನಬಹುದಿತ್ತು. ಇವರ ಮೇಲೆ ಹಾಗೆ ಹೇಳಲು ಬರುವುದಿಲ್ಲ. ಪ್ರಾರ್ಥನಾ ಸಮಾಜದ ವೇದಿಕೆಯಿಂದ ಧರ್ಮದ ಮಾತಾಡಿದವರು. ಪದ್ಯದ ಒಳಹೊರಗು ಬಲ್ಲವರು. ಸರ್ಕಾರಕ್ಕೆ ಬೇಕಾಗಿದ್ದುದೂ ಆ ಬಲ್ಲತನವೇ. ವರದಿ ಬರೆದವರು ಅವರ ಹೆಸರು ಬಿಟ್ಟು ಆ ಗುಣವನ್ನು ಮಾತ್ರ ಉಳಿಸಿಕೊಂಡರು.

ನನ್ನನ್ನು ಆರಿಸಿದ ಕಾರಣವೂ ಫೋನಿನಲ್ಲಿ ಹೇಳಿದ್ದು ಇದೇ ತಾನೆ?

ನವೆಂಬರ್ 20, ಮತದಾನದ ರಜೆ

ನನ್ನ ಮತ ಹೊನ್ನಾವರದಲ್ಲಿ. ಕೆಲಸವಿಲ್ಲದೆ ರೋಟೆಗಾಂವ್ ಸ್ಟೇಷನ್ನಿಗೆ ಹೋಗಿ ಕೂತೆ. ವೈಜಾಪುರಕ್ಕೆ ರೈಲು ಅಂದರೆ ಇದೇ ಸ್ಟೇಷನ್. ಮನಮಾಡಿನಿಂದ ಔರಂಗಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಈ ಹಾದಿ 1900ರ ಹೊತ್ತಿಗೆ ಹಾಕಿದ್ದು. ಆಗ ಮೀಟರ್ ಗೇಜ್. ಊರು ಆಗ ನಿಜಾಮರದು, ಗಡಿಯಾಚೆ ನಾಶಿಕ ಬ್ರಿಟಿಷರದು.

ಅನಂತ ಕಾನ್ಹೇರೆ ಔರಂಗಾಬಾದಿನಲ್ಲಿ ಓದುತ್ತಿದ್ದ ಹದಿಹರೆಯದ ಹುಡುಗ. 1909ರ ಡಿಸೆಂಬರ್‌ನಲ್ಲಿ ನಾಶಿಕಕ್ಕೆ ಹೋದದ್ದು ಈ ರೈಲಿನಲ್ಲೇ ಇರಬೇಕು, ಬೇರೆ ರೈಲು ಹಾದಿ ಇರಲಿಲ್ಲ. ಡಿಸೆಂಬರ್ 21ರ ರಾತ್ರಿ ವಿಜಯಾನಂದ ನಾಟಕಗೃಹದಲ್ಲಿ 'ಸಂಗೀತ ಶಾರದಾ' ನಾಟಕ, ವರ್ಗವಾಗಿ ಹೊರಟಿದ್ದ ಜಾಕ್ಸನ್ನರಿಗೆ ಬೀಳ್ಕೊಡುಗೆ. ಅಲ್ಲಿ ಅವರ ಮೇಲೆ ಗುಂಡು ಹಾರಿಸಿದ. ಬಾಬಾರಾವ್ ಅಪೀಲು ವಜಾ ಆಗಿ ಎರಡು ತಿಂಗಳೂ ಆಗಿರಲಿಲ್ಲ.

ಸತ್ತವರು ಪಂಡಿತ ಜಾಕ್ಸನ್ ಎಂದು ಹೆಸರಾದವರು, ಸಂಸ್ಕೃತ ಬಲ್ಲವರು. ಕೊಂಕಣ ಮತ್ತು ಗುಜರಾತಿನ ಜನಪದ ನಂಬಿಕೆಗಳ ಬಗ್ಗೆ ಅವರು ಕೂಡಿಸಿಟ್ಟ ಟಿಪ್ಪಣಿಗಳು ಅವರ ಮರಣಾನಂತರ ಪುಸ್ತಕವಾದವು. ಅವರಿಗೂ ಮನೆಮಂದಿ ಇದ್ದರು.

1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಕಾನ್ಹೇರೆ, ಅವನ ಜೊತೆಗಾರರಾದ ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಮೂವರನ್ನೂ ಗಲ್ಲಿಗೇರಿಸಿದರು. ಆ ವರ್ಷವೇ ಚಂದಾವರ್ಕರರಿಗೆ ಸರ್ ಪದವಿ. ಆ ವರ್ಷದ ಕೊನೆಗೇ ನಾಶಿಕ ಒಳಸಂಚು ಪ್ರಕರಣ. ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್, ಚಂದಾವರ್ಕರ್, ಹೀಟನ್ ಇವರ ವಿಶೇಷ ನ್ಯಾಯಮಂಡಳಿ. ಜ್ಯೂರಿ ಇಲ್ಲ. ವಿನಾಯಕ ಸಾವರ್ಕರರಿಗೆ ಜೀವಾವಧಿ.

ಪದವಿಯನ್ನೂ ತೀರ್ಪನ್ನೂ ಒಂದಕ್ಕೊಂದು ಗಂಟು ಹಾಕುವುದು ಸುಲಭ. ನಾನು ಹಾಕುವುದಿಲ್ಲ. ಪುರಾವೆ ಇಲ್ಲದೆ ಉದ್ದೇಶ ಊಹಿಸಬಾರದು ಎಂದು ತಾನೆ ಈಗ ನನಗೆ ನಾನೇ ಹೇಳಿಕೊಳ್ಳುತ್ತಿರುವುದು.

ನವೆಂಬರ್ 27, ನಾಶಿಕ

ಎರಡನೆಯ ಬೈಠಕ್. ಮೆಸೇಜುಗಳು ಎಕ್ಸಿಬಿಟ್ ಆಗಿ ಬಂದವು. ಹುಡುಗ ಬೇರೆ ಶಾಖೆಯಲ್ಲಿರುವ ತನ್ನ ಕನ್ನಡದ ಗೆಳೆಯನಿಗೆ ರಾತ್ರಿ ಹನ್ನೊಂದರ ಮೇಲೆ ಬರೆದವು.

"ನೋಡೀನಿ ಅಂತ ಬರದ ಒಗದೆ. ಅವರ ಹೊಲ ಎಲ್ಲಿ ಓಡಿ ಹೋಗತೈತಿ."

"ಬ್ಯಾಂಕ್ ಹಾಳಾಗಿ ಹೋಗ್ಲಿ ಮಾರಾಯಾ, ನನಗ ಒಂದ್ ರಾತ್ರಿ ನಿದ್ದಿ ಬೇಕು."

ಪ್ರೆಸೆಂಟಿಂಗ್ ಆಫೀಸರ್ ಇಂಗ್ಲಿಷ್ ಅನುವಾದ ಓದಿದರು. ಬ್ಯಾಂಕ್ ನಾಶವಾಗಲಿ ಎಂದು ಆರೋಪಿಯೇ ಬರೆದಿದ್ದಾನೆ, ಉದ್ದೇಶಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಗದದ ಮೇಲೆ ಇದ್ದದ್ದು ಅದೇ.

ಎರಡೂ ಮೆಸೇಜು ಓದಿದಾಗ ಆ ದಣಿದ ದನಿ ನನಗೆ ಕೇಳಿಸಿತು. ಹುಡುಗನನ್ನು ಬಿಟ್ಟರೆ ಎದುರು ಕೂತವರಲ್ಲಿ ಬೇರೆ ಯಾರಿಗೂ ಕೇಳಿಸಿರಲಾರದು.

ನವೆಂಬರ್ 28, ನಸುಕಿನ 2 ಗಂಟೆ

ಆಯಿ ದಿನಕ್ಕೆಷ್ಟು ಸಲ ಹಾಳಾಗಿ ಹೋಗಲಿ ಅನ್ನುತ್ತಾಳೆ! ಹಾಲು ಉಕ್ಕಿದರೆ, ಕರೆಂಟ್ ಹೋದರೆ, ನಾನು ಫೋನ್ ಎತ್ತದಿದ್ದರೆ. ಒಮ್ಮೆಯೂ ಯಾರದೂ ಹಾಳು ಬಯಸಿದವಳಲ್ಲ.

ಆದರೆ ಇದನ್ನು ನಾನು ಎಲ್ಲಿ ಬರೆಯಲಿ? ವಿಚಾರಣಾಧಿಕಾರಿಯೇ ಸಾಕ್ಷಿಯಾಗುವಂತಿಲ್ಲ. ನನಗೆ ಗೊತ್ತಿರುವುದು ದಾಖಲೆಯಲ್ಲಿಲ್ಲ. ದಾಖಲೆಯಲ್ಲಿಲ್ಲದ್ದನ್ನು ನೆಚ್ಚಿ ಬರೆದರೆ ವರದಿ ನಿಲ್ಲುವುದಿಲ್ಲ. ಬಿಟ್ಟು ಬರೆದರೆ ನನ್ನನ್ನು ಕೂರಿಸಿದ್ದೇಕೆ?

ನಿದ್ದೆ ಬರುತ್ತಿಲ್ಲ.

ಡಿಸೆಂಬರ್ 2

ಅವರು ಹುಟ್ಟಿದ ದಿನ. ಅಪ್ಪ ನೆನಪಿಸಿದರು. "ಬರೀ ಆ ಕೇಸನ್ನೇ ಹಿಡ್ಕೊಂಡು ಕೂತ್ಕೋಬೇಡ ತಂಗಿ. ಮನುಷ್ಯನ ಪೂರ್ತಿ ನೋಡು."

ನೋಡಿದೆ. 1906ರ ಅಕ್ಟೋಬರ್ 18. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಮುಂಬಯಿಯಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಅಧ್ಯಕ್ಷರಾಗಿ ನಿಂತವರು ಚಂದಾವರ್ಕರ್. ಹೈಕೋರ್ಟಿನ ನ್ಯಾಯಾಧೀಶ ಹೊಲಗೇರಿಯ ಶಾಲೆಗೆ ಹೆಸರು ಕೊಡುವುದು ಅಂದಿನ ಮೇಲುಜಾತಿಯವರಿಗೆ ಸಣ್ಣ ಮಾತಾಗಿರಲಿಲ್ಲ. ಸುಧಾರಕ ರಾನಡೆಯವರ ದಾರಿ ಹಿಡಿದವರು. ವಿಧವಾ ವಿವಾಹ, ಹೆಣ್ಣುಮಕ್ಕಳ ಓದು, ಎಲ್ಲದರಲ್ಲೂ ಮುಂದೆ.

ಯೇವಲೆಯ ಮೇಲೆ ಬಸ್ಸಿನಲ್ಲಿ ಹೋಗುತ್ತೇನಲ್ಲ, ಅಲ್ಲಿಯೇ 1935ರ ಅಕ್ಟೋಬರ್ 13ರಂದು ಅಂಬೇಡ್ಕರ್ ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು. ಆ ಹೊತ್ತಿಗೆ ಇವರು ತೀರಿಕೊಂಡು ಹನ್ನೆರಡು ವರ್ಷ. ಮೇಲಿನವರು ಕೈಹಿಡಿದು ಎತ್ತುತ್ತೇವೆ ಎನ್ನುವ ಸುಧಾರಣೆ ಅಂಬೇಡ್ಕರರಿಗೆ ಸಾಲದೆನಿಸಿತು. ಆದರೂ ಆ ಶಾಲೆಯಲ್ಲಿ ಅಕ್ಷರ ಕಲಿತ ಮಗುವಿಗೆ ಅದು ಅಕ್ಷರವೇ ಅಲ್ಲವೇ?

ಬಾಬಾರಾವ್ ತೀರ್ಪನ್ನೂ ಈ ಶಾಲೆಯನ್ನೂ ಒಂದೇ ಕೈ ಮಾಡಿದೆ. ಎರಡರಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಡಿಸೆಂಬರ್ 10, ನಾಶಿಕ

ಇವತ್ತಿನ ಸಾಕ್ಷಿ ಒಬ್ಬ ಮುದುಕಿ. ನಿಫಾಡ ತಾಲೂಕಿನವಳು. ಅವಳ ಗಂಡನ ಹೆಸರಿನ ಸಾತ್‌ಬಾರಾ ಉತಾರ, ಅಂದರೆ ನಮ್ಮ ಕಡೆಯ ಪಹಣಿ, ತಿದ್ದಿ ದಲ್ಲಾಳಿ ಬೆಳೆಸಾಲ ಎತ್ತಿದ್ದ. ಗಂಡ ಸತ್ತು ಐದು ವರ್ಷವಾಗಿತ್ತು. ಹುಡುಗನ ವರದಿಯಲ್ಲಿ ಮಾತ್ರ ಹೊಲ ನೋಡಿದೆ, ಬೆಳೆ ಚೆನ್ನಾಗಿದೆ, ಸಾಲಗಾರರ ಜೊತೆ ಮಾತಾಡಿದೆ ಎಂದಿದೆ.

ಸತ್ತವನ ಜೊತೆ ಮಾತಾಡಿದೆ ಎಂದು.

ವಸೂಲಿ ನೋಟಿಸು ಬಂದಾಗ ಅವಳಿಗೆ ಓದಲು ಬರಲಿಲ್ಲ. ಮಗ ಓದಿ ಹೇಳಿದ. ಮೂರು ದಿನ ಊಟ ಬಿಟ್ಟೆ ಎಂದಳು. ಹೇಳುವಾಗ ಯಾರನ್ನೂ ಬೈಯಲಿಲ್ಲ. ಹುಡುಗನ ಕಡೆ ತಿರುಗಿ ಮರಾಠಿಯಲ್ಲಿ, "ಒಂದು ಸಲ ಬಂದಿದ್ದರೆ ಚಹಾ ಕೊಡುತ್ತಿದ್ದೆನಲ್ಲ ಮಗಾ" ಎಂದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಇಷ್ಟು ದಿನ ನಾನು ಅವನ ದಣಿವನ್ನಷ್ಟೇ ತೂಗುತ್ತಿದ್ದೆ. ಇವಳ ಮೂರು ದಿನವನ್ನು ಯಾವ ತಟ್ಟೆಯಲ್ಲಿಡಲಿ?

ಡಿಸೆಂಬರ್ 14, ಎರಡನೇ ಶನಿವಾರ

ಚಂದಾವರ್ಕರರ ಬಗ್ಗೆ ನನ್ನ ಮನಸ್ಸು ಮೃದುವಾಗುತ್ತಿದೆ ಅನಿಸಿದಾಗಲೇ ಇದು ಸಿಕ್ಕಿತು.

1918. ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿದ್ದ ಕ್ರಾಂತಿಕಾರಿಗಳ ಕಡತ ಪರಿಶೀಲಿಸಲು ಇಬ್ಬರನ್ನು ನೇಮಿಸಿದರು. ಬೀಚ್‌ಕ್ರಾಫ್ಟ್ ಮತ್ತು ಚಂದಾವರ್ಕರ್. 806 ಪ್ರಕರಣ ನೋಡಿದರು. ಬಿಡಬಹುದು ಎಂದದ್ದು 6 ಜನರನ್ನು.

ಎಂಟುನೂರಾ ಆರರಲ್ಲಿ ಆರು.

ಬೀಚ್‌ಕ್ರಾಫ್ಟ್ ಯಾರು? 1909ರ ಮೇ ತಿಂಗಳಲ್ಲಿ ಅಲಿಪುರ ಬಾಂಬ್ ಪ್ರಕರಣದಲ್ಲಿ ಅರವಿಂದರನ್ನು ಖುಲಾಸೆ ಮಾಡಿದ ನ್ಯಾಯಾಧೀಶ. ಅದೇ ತೀರ್ಪಿನಲ್ಲಿ ಸಹ ಆರೋಪಿಗಳಾದ ಬಾರೀಂದ್ರ ಮತ್ತು ಉಲ್ಲಾಸಕರರಿಗೆ ಗಲ್ಲು ಬರೆದವರೂ ಅವರೇ, ಅಪೀಲಿನಲ್ಲಿ ಅದು ಜೀವಾವಧಿಯಾಯಿತು. ಅಲ್ಲಿ ಸಾಕ್ಷಿ, ಪಾಟೀಸವಾಲು, ಚಿತ್ತರಂಜನ ದಾಸರ ವಾದ ಎಲ್ಲ ಇತ್ತು. ತೆರೆದ ಕೋರ್ಟಿನಲ್ಲಿ ಆರೋಪಿಯ ಮಾತು ಕೇಳಿದಾಗ ಆ ಇಂಗ್ಲಿಷ್ ನ್ಯಾಯಾಧೀಶನಿಗೂ ಸಂದೇಹ ಹುಟ್ಟಿತು. ಬರಿಯ ಪೊಲೀಸ್ ಕಾಗದ ಮುಂದಿಟ್ಟಾಗ ಅವರಿಗೂ ಹುಟ್ಟಲಿಲ್ಲ, ನಮ್ಮವರಿಗೂ ಹುಟ್ಟಲಿಲ್ಲ.

ಹಾಗಾದರೆ ತಪ್ಪು ಮನುಷ್ಯನದೋ ಕೂರಿಸಿದ ಕುರ್ಚಿಯದೋ? ಕುರ್ಚಿಯದು ಎಂದರೆ ಕೂರಲು ಒಪ್ಪಿದವನು ಹೊಣೆಯಿಂದ ಪಾರಾಗುತ್ತಾನೆಯೆ? ಆಗುವುದಿಲ್ಲ ಅನಿಸುತ್ತದೆ. ಪೂರ್ತಿ ಖಚಿತವಿಲ್ಲ.

ಡಿಸೆಂಬರ್ 15

ಮುಂದಿನದು ಇನ್ನೂ ತೊಡಕು. ರೌಲಟ್ ವರದಿಯಿಂದ 1919ರ ರೌಲಟ್ ಕಾಯ್ದೆ ಬಂತು. ಅದರ ವಿರುದ್ಧ ದೇಶವೆದ್ದಿತು. ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗ್. ಅದರ ಮೇಲೆ ಹಂಟರ್ ಸಮಿತಿಯ ವರದಿ. 1920ರಲ್ಲಿ ಆ ವರದಿಯನ್ನು ಖಂಡಿಸಲು ಮುಂಬಯಿಯಲ್ಲಿ ಸೇರಿದ ಸಭೆಗೆ ಅಧ್ಯಕ್ಷತೆ ವಹಿಸಿದವರು ಚಂದಾವರ್ಕರ್!

ಹತ್ತು ವರ್ಷ ಹಿಂದೆ ತಾವು ಬರೆದ ತೀರ್ಪು ಆ ರೌಲಟ್ ವರದಿಯ ಪುಟಗಳಲ್ಲಿ ಇದೆ ಎಂದು ಅವರಿಗೆ ಆ ವೇದಿಕೆಯ ಮೇಲೆ ನೆನಪಾಯಿತೆ?

ಅದೇ ವರ್ಷ ಅಸಹಕಾರವನ್ನು ವಿರೋಧಿಸಿದರು, ಶಾಸ್ತ್ರದ ಆಧಾರವಿಲ್ಲ ಎಂದು ವಾದಿಸಿದರು. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಉತ್ತರ ಬರೆದರು, ಇಷ್ಟು ದೊಡ್ಡ ವಿದ್ವಾಂಸರೊಡನೆ ವಾದಕ್ಕಿಳಿಯಲು ಮನಸ್ಸಿಲ್ಲ ಎಂದು ಗೌರವದಿಂದಲೇ ಶುರುಮಾಡಿ. 1909ರಲ್ಲಿ ಗೀತೆಯನ್ನು ಬದಿಗಿಡಿ ಎಂದವರು 1920ರಲ್ಲಿ ಶಾಸ್ತ್ರವನ್ನು ಮುಂದಿಟ್ಟರು. 1921ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಅಧ್ಯಕ್ಷರಾದರು. 1923ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ, "ಅವರು ಕಾನೂನನ್ನು ನಂಬಿದ್ದರು. ಪಂಜಾಬಿನಲ್ಲಿ ಕಾನೂನನ್ನು ಮುರಿದವರು ಸರ್ಕಾರದವರು, ಅದಕ್ಕೇ ಸಿಟ್ಟು ಬಂತು" ಎಂದರು. ಅಪ್ಪನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಕಾನೂನಿನ ಒಳಗೇ 121 ಇತ್ತು, 124ಎ ಇತ್ತು. ಆರಿಸಿಕೊಳ್ಳುವ ಜಾಗ ಕಾನೂನೇ ಕೊಟ್ಟಿತ್ತು.

ಡಿಸೆಂಬರ್ 21, ನಾಶಿಕ

ಕೊನೆಯ ವಾದ. ಹುಡುಗನ ಪರ ನಿಂತ ಯೂನಿಯನ್ನಿನವರು ಕಡೆಗೂ ಒಬ್ಬ ಸಾಕ್ಷಿಯನ್ನು ತಂದಿದ್ದರು. ಧಾರವಾಡ ಕಡೆಯ ನಿವೃತ್ತ ಅಧಿಕಾರಿ. 'ಹಾಳಾಗಿ ಹೋಗ್ಲಿ' ಎಂಬ ಮಾತನ್ನು ನಮ್ಮಲ್ಲಿ ಹೇಗೆ ಆಡುತ್ತಾರೆ ಎಂದು ಹೇಳಿದರು. ಪ್ರೆಸೆಂಟಿಂಗ್ ಆಫೀಸರ್ ಪಾಟೀಸವಾಲು ಮಾಡಿದರು. ಎಲ್ಲ ದಾಖಲೆಗೆ ಬಂತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ನಾನು ನನ್ನ ಕಿವಿಯನ್ನೇ ನಂಬಿ ಬರೆಯಬೇಕಿಲ್ಲ.

ದಲ್ಲಾಳಿಯಿಂದ ಹುಡುಗನ ಖಾತೆಗಾಗಲಿ ಮನೆಯವರ ಖಾತೆಗಾಗಲಿ ಒಂದು ರೂಪಾಯಿ ಬಂದ ದಾಖಲೆ ಇಲ್ಲ. ಇದನ್ನೂ ಬರೆಸಿಕೊಂಡೆ.

ಸಂಜೆ ಬಸ್ಸಿಗೆ ಹೋಗುವಾಗ ಗಾಲ್ಫ್ ಕ್ಲಬ್ ಮೈದಾನ ಸಿಕ್ಕಿತು, ಈಗ ಹುತಾತ್ಮ ಅನಂತ ಕಾನ್ಹೇರೆ ಮೈದಾನ. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಗಲ್ಲಿಗೆ ಹೋದವನ ಹೆಸರು ಊರಿಗೆ ಉಳಿದಿದೆ. ಪಂಡಿತ ಜಾಕ್ಸನ್ನರ ನೆನಪು ಓದುವವರಿಗೆ ಮಾತ್ರ. ನಮ್ಮ ಹೊನ್ನಾವರದವರ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ.

ಡಿಸೆಂಬರ್ 29, ಭಾನುವಾರ

ಇಡೀ ದಿನ ಬರೆದೆ.

ಒಂದನೇ ಆರೋಪ ಸಾಬೀತು. ಮೂರನೆಯದೂ ಸಾಬೀತು, ಮುದುಕಿಗೆ ಆದದ್ದನ್ನು ವಿವರವಾಗಿ ಬರೆದು. ಎರಡನೆಯದಕ್ಕೆ ಬಂದಾಗ ನಿಂತೆ.

ಚಂದಾವರ್ಕರರ ಮೇಲೆ ನನಗಿರುವ ತಕರಾರು ಇಷ್ಟೇ ಎಂದು ಈಗ ತಿಳಿಯಿತು. ಅವರು ಅಪರಾಧಿ ಎಂದದ್ದಲ್ಲ. ಆ ಕಾಲದ ಕಾನೂನಿನಂತೆ ಆ ಪದ್ಯಗಳು ರಾಜದ್ರೋಹವೇ ಇರಬಹುದು. ಚಿಕ್ಕ ಕಲಮು ಸಾಕಾಗುವಲ್ಲಿ ದೊಡ್ಡದನ್ನು ಎತ್ತಿಕೊಂಡರು. ಪದ್ಯವನ್ನು ಒಳಗಿನಿಂದ ಬಲ್ಲವರು ಆ ಬಲ್ಲತನವನ್ನು ಆರೋಪಿಯ ಮೇಲೆ ಒಂದೇ ದಿಕ್ಕಿಗೆ ಬಳಸಿದರು. ಭಾಷೆ ಬಲ್ಲವನಿಗೆ ಎರಡು ದಿಕ್ಕಿಗೂ ನೋಡುವ ಹೊಣೆ ಇದೆ.

ಎರಡನೇ ಆರೋಪ ಸಾಬೀತಾಗಿಲ್ಲ ಎಂದು ಬರೆದೆ. ಕಾರಣಗಳನ್ನು ಒಂದೊಂದಾಗಿ ಕೊಟ್ಟೆ.

ರಾತ್ರಿ

ಆ ಮೆಸೇಜುಗಳು ತಮಿಳಿನಲ್ಲೋ ಬಂಗಾಳಿಯಲ್ಲೋ ಇದ್ದಿದ್ದರೆ? ಅನುವಾದ ಓದಿ ಒಪ್ಪಿಬಿಡುತ್ತಿದ್ದೆನೆ? ಹುಡುಗ ನಮ್ಮ ಕಡೆಯವನು ಎಂದು ಮನಸ್ಸು ಎಲ್ಲೋ ವಾಲಿದೆಯೆ? ವರದಿಯ ಪ್ರತಿ ಸಾಲಿಗೂ ದಾಖಲೆಯ ಆಧಾರ ಇದೆ. ಆದರೂ ಈ ಪ್ರಶ್ನೆ ಹೋಗುತ್ತಿಲ್ಲ. ಚಂದಾವರ್ಕರರಿಗೆ ಇದಕ್ಕೆ ತಿರುಗುಮುರುಗಾದ ಅಂಜಿಕೆ ಇದ್ದಿರಬಹುದು. ನಮ್ಮವನೆಂದು ಬಿಟ್ಟ ಎಂದು ಪಕ್ಕದ ಕುರ್ಚಿಯ ಹೀಟನ್ ಅಂದುಕೊಂಡರೆ ಎಂದು. ಇದ್ದಿರಬಹುದು ಅಷ್ಟೇ. ಅವರ ಮನಸ್ಸು ನನಗೆ ಗೊತ್ತಿಲ್ಲ.

ಜನವರಿ 3, 2025

ವರದಿ ಕೊಟ್ಟು ಬಂದೆ. ಶಿಸ್ತು ಅಧಿಕಾರಿ ಒಪ್ಪದೆ ಹೋಗಬಹುದು. ಕಾರಣ ಬರೆದು ನನ್ನ ತೀರ್ಮಾನವನ್ನು ತಿರುಗಿಸುವ ಅಧಿಕಾರ ಅವರಿಗಿದೆ. ಮುದುಕಿಯ ವಸೂಲಿ ನೋಟಿಸು ಹಿಂದೆಗೆದುಕೊಳ್ಳಲು ಬೇರೆಯೇ ಪತ್ರ ಹಾಕಿದ್ದೇನೆ.

ಅಲ್ಲೇ ಇನ್ನೊಂದು ಕಡತ ಕೈಗಿಟ್ಟರು. ಪರಭಣಿ ಕಡೆಯ ಕ್ಯಾಶಿಯರ್, ಸಾಕ್ಷ್ಯದಲ್ಲಿ ಮರಾಠಿಯ ವಾಯ್ಸ್ ಮೆಸೇಜುಗಳು. ನನ್ನ ಮರಾಠಿ ಕೌಂಟರಿನ ಮರಾಠಿ. ಒಪ್ಪಿಕೊಂಡೆ. ಒಪ್ಪಿಗೆಯ ಪತ್ರದಲ್ಲೇ ಒಂದು ಸಾಲು ಸೇರಿಸಿದೆ: ಆ ಸೀಮೆಯ ಮಾತು ಬಲ್ಲ ಸಾಕ್ಷಿಯೊಬ್ಬರನ್ನು ಮೊದಲ ಬೈಠಕ್ಕಿಗೇ ಕರೆಸಬೇಕು, ಅವರನ್ನು ಪ್ರಶ್ನಿಸಲು ಎರಡೂ ಕಡೆಯವರಿಗೂ ಅವಕಾಶವಿರಬೇಕು. ಮುಂದಿನ ತಾರೀಕು ಜನವರಿ 21.